ಒಂದು ನಿವೇಶನ, ಒಂದು ಒಲೆ

ಬಸರಿಕೊಡಿಗೆ, ನರಸಿಂಹರಾಜಪುರದ ಹತ್ತಿರ
೫ ಡಿಸೆಂಬರ್ ೧೯೩೮

ಅತ್ತಿಗೆಯವರಿಗೆ ವೃಷಭೇಂದ್ರನ ಶರಣು.

ಪರಮೇಶ್ವರಣ್ಣ ತೀರಿಕೊಂಡ ಮೇಲೆ ನೀವು ಗಿರಿಜೆಯನ್ನು ಕರೆದುಕೊಂಡು ಕೊಪ್ಪಕ್ಕೆ, ತವರಿಗೆ ಹೋಗಿ ನಾಲ್ಕು ತಿಂಗಳಾಯಿತು. ನಿಮ್ಮ ಪಾಲಿನ ಬಾಗಿಲಿಗೆ ಹಾಕಿದ ಬೀಗ ನೋಡಿದಾಗೆಲ್ಲ ಸಂಕಟವಾಗುತ್ತದೆ. ಇವತ್ತು ಮಾತ್ರ ಸಂತೋಷದ ಸುದ್ದಿ ಬರೆಯಲು ಕೂತಿದ್ದೇನೆ.

ನಮ್ಮ ಕೇರಿಯನ್ನು ಗುಡ್ಡದ ಮೇಲಿನ ಬಯಲಿಗೆ ಸಾಗಿಸುವುದು ಖಾಯಂ ಆಯಿತು. ಇಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದೆ, ಒಬ್ಬರ ಮಾಡಿನ ನೀರು ಇನ್ನೊಬ್ಬರ ಅಂಗಳಕ್ಕೆ, ಒಂದು ಮನೆಗೆ ಚಳಿಜ್ವರ ಬಂದರೆ ಕೇರಿಗೆ ಕೇರಿಯೇ ಮಲಗುತ್ತದೆ. ಮೇಲೆ ಹಾಗಲ್ಲ. ಒಂದೊಂದು ನಿವೇಶನ ಅರವತ್ತು ಅಡಿ ಅಗಲ, ತೊಂಬತ್ತು ಅಡಿ ಉದ್ದ. ಮನೆಗೂ ಮನೆಗೂ ನಡುವೆ ಗಾಡಿ ತಿರುಗಿಸುವಷ್ಟು ಜಾಗ. ಒಂದು ನಿವೇಶನದಲ್ಲಿ ಒಂದೇ ಮನೆ, ಒಂದೇ ಒಲೆ. ಅದನ್ನು ತುಂಡು ಮಾಡಿ ಹಂಚುವ ಹಾಗಿಲ್ಲ, ವರ್ಷದೊಳಗೆ ಮನೆ ಕಟ್ಟದಿದ್ದರೆ ಸರ್ಕಾರಕ್ಕೆ ವಾಪಸು. ಮಳೆಗೆ ಮುಂಚೆ ಹಳೇ ಕೇರಿಯ ಮಾಡುಗಳನ್ನು ಇಳಿಸಬೇಕೆಂದೂ ಆಗಿದೆ. ಪಂಚಾಯಿತಿ ಮೆಂಬರ್ ಆದದ್ದಕ್ಕೆ ಇಷ್ಟೆಲ್ಲ ನನಗೆ ಬಾಯಿಪಾಠ.

ಹಳೇ ಕೇರಿಯಲ್ಲಿ ಎಷ್ಟು ಒಲೆ ಉರಿಯುತ್ತಿದ್ದವೋ ಅಷ್ಟು ನಿವೇಶನ ಕೊಟ್ಟಿದ್ದಾರೆ. ಓವರ್‌ಸಿಯರ್ ಒಲೆ ಎಣಿಸಲು ಬಂದದ್ದು ಅಣ್ಣನ ಶಿವಗಣಾರಾಧನೆಗೆ ಮುಂಚಿನ ದಿನ. ಸಾವಾದ ಮನೆಯಲ್ಲಿ ಆರಾಧನೆಯ ತನಕ ಒಲೆ ಹಚ್ಚುವುದಿಲ್ಲವೆಂದು ನಿಮಗೂ ಗಿರಿಜೆಗೂ ನಮ್ಮಲ್ಲೇ ಊಟ. ನಿಮ್ಮ ಒಲೆ ತಣ್ಣಗಿದ್ದದ್ದು ನೋಡಿ ಆತ ನನ್ನನ್ನು ಕೇಳಿದ. ನಮ್ಮದು ಒಂದೇ ಒಲೆ ಸ್ವಾಮಿ ಅಂದೆ. ಹಾಗಾಗಿ ನಮ್ಮಿಬ್ಬರ ಮನೆಗೂ ಸೇರಿ ಒಂದು ನಿವೇಶನ ಬಂದಿದೆ, ಮೂಲೆಯದು, ಬಾವಿಗೆ ಹತ್ತಿರ.

ದೊಡ್ಡದೊಂದು ಮನೆ ಕಟ್ಟೋಣ. ಮೂಡಣ ದಿಕ್ಕಿನ ಕೋಣೆ ನಿಮ್ಮದು. ಐದು ವರ್ಷದ ಕೆಳಗೆ ಭಾಗವಾಗಿ ಮನೆಯ ನಡುವೆ ಹಾಕಿಕೊಂಡ ಆ ತಟ್ಟಿಗೋಡೆ ಇನ್ನು ಬೇಡವೇ ಬೇಡ. ಗಿರಿಜೆಗೆ ಹೇಳಿ, ಅವಳ ಚಿಕ್ಕಪ್ಪ ಜಗುಲಿಗೆ ಉಯ್ಯಾಲೆ ಹಾಕಿಸುತ್ತಾನೆ.

ನಿಮ್ಮ
ವೃಷಭೇಂದ್ರ


ಕೊಪ್ಪ
೧೪ ಡಿಸೆಂಬರ್ ೧೯೩೮

ಚಿ. ವೃಷಭೇಂದ್ರನಿಗೆ ಅತ್ತಿಗೆ ಶಂಕರಮ್ಮನ ಆಶೀರ್ವಾದ.

ನಿನ್ನ ಕಾಗದ ತಲುಪಿತು. ನಮ್ಮಣ್ಣ ಸೋಮಶೇಖರಪ್ಪ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಓದಿ ಹೇಳಿ ನಿನ್ನನ್ನು ಹೊಗಳಿದ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಪ್ರೇಮಕ್ಕ ಅತ್ತಿಗೆ ನನ್ನನ್ನು ಒಂದು ಮಾತು ಅಂದವರಲ್ಲ. ಗಿರಿಜೆ ಉಂಡು ತಿಂದು ಆಡಿಕೊಂಡಿದ್ದಾಳೆ.

ನೀನು ಅಂದು ಓವರ್‌ಸಿಯರಿಗೆ ಹೇಳಿದ್ದನ್ನು ನಾನು ಒಳಗೆ ಕೂತು ಕೇಳಿದ್ದೆ. ಆ ವಾರವೆಲ್ಲ ಬಂದವರು ಇನ್ನು ನಿನ್ನ ಗತಿ ಏನು ಎಂದು ಅತ್ತು ಹೋಗುತ್ತಿದ್ದರು. ನೀನೊಬ್ಬನೇ ಹಾಗೆ ಕೇಳದೆ, ನಮ್ಮವರು ಎನ್ನುವ ಹಾಗೆ ಹೇಳಿದೆ. ಅವತ್ತು ನನಗೆ ಒಂದು ಹಿಡಿ ಅನ್ನ ಗಂಟಲಲ್ಲಿ ಇಳಿದಿತ್ತು. ಇದನ್ನು ನಿನಗೆ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಆದರೆ ಮನೆಯ ವಿಷಯ ಬೇರೆ. ಓರಗಿತ್ತಿಯರಾದ ನಾನೂ ಸರ್ವಮಂಗಳಾಳೂ ಒಂದು ಅಡಿಗೆಮನೆಯಲ್ಲಿ ಹೇಗಿದ್ದೆವೆಂದು ನಿನಗೆ ಗೊತ್ತಿಲ್ಲದ್ದಲ್ಲ. ಭಾಗವಾದ ಮೇಲಷ್ಟೇ ನಾವಿಬ್ಬರೂ ಅಕ್ಕತಂಗಿಯರಂತೆ ಮಾತಾಡಿಕೊಂಡದ್ದು. ಅರವತ್ತು ಅಡಿಯಲ್ಲಿ ನನಗೆ ಇಪ್ಪತ್ತು ಬಿಟ್ಟುಕೊಡು, ಸಾಕು. ಒಂದು ಕೋಣೆ, ಒಂದು ಸಣ್ಣ ಅಡಿಗೆಮನೆ. ನಿನ್ನ ಕೈಕೆಳಗಿನ ಜಾಗ ತಾನೇ, ಯಾರು ಬಂದು ಅಳೆಯುತ್ತಾರೆ?

ಶಂಕರಮ್ಮ


ಬಸರಿಕೊಡಿಗೆ
೨೨ ಡಿಸೆಂಬರ್ ೧೯೩೮

ಅತ್ತಿಗೆಯವರಿಗೆ ಶರಣು.

ಯಾರು ಅಳೆಯುತ್ತಾರೆ ಎಂದು ಕೇಳಿದ್ದೀರಿ. ಓವರ್‌ಸಿಯರ್ ಅಳೆಯುತ್ತಾನೆ, ಹೆಲ್ತ್ ಇನ್ಸ್‌ಪೆಕ್ಟರ್ ಅಳೆಯುತ್ತಾನೆ, ಅವರಿಬ್ಬರೂ ಬಿಟ್ಟರೆ ಮೂಲೆಯ ನಿವೇಶನ ಸಿಗದೆ ಹೊಟ್ಟೆ ಉರಿದುಕೊಂಡವರು ಹಗ್ಗ ಹಿಡಿದುಕೊಂಡು ಬರುತ್ತಾರೆ. ಎರಡನೆಯ ಒಲೆ ಕಂಡರೆ ಎರಡೂ ಮನೆ ಕೀಳಿಸುತ್ತಾರಂತೆ. ಮೊದಮೊದಲು ಇಪ್ಪತ್ತು ಅಡಿ ಬಿಡುವುದು, ಆಮೇಲೆ ಮಕ್ಕಳು ಹತ್ತು ಹತ್ತು ಮಾಡಿಕೊಳ್ಳುವುದು, ಕಡೆಗೆ ಮತ್ತೆ ಇದೇ ಕೇರಿಯಾಗುವುದು, ಅದಕ್ಕೇ ನಿಯಮ ಎಂದು ಓವರ್‌ಸಿಯರ್ ವಿವರಿಸಿದ. ಸುಳ್ಳೂ ಅಲ್ಲ. ಆದರೆ ನಿಯಮ ಮಾಡಿದವರು ನಮ್ಮ ಕೇರಿ ನೋಡಿದ್ದಾರೆ, ನಮ್ಮ ಮನೆಯ ಹೆಂಗಸರನ್ನು ನೋಡಿಲ್ಲ.

ಪಟೇಲ್ ಹೂವಪ್ಪನವರನ್ನೂ ಕೇಳಿದೆ. ನಾವು ಭಾಗವಾಗಿದ್ದೆವೆಂದು ಅಮಲ್ದಾರರಿಗೆ ಬರೆದುಕೊಟ್ಟರೆ ನಿಮಗೆ ಬೇರೆ ನಿವೇಶನ ಆದರೂ ಆಗಬಹುದಂತೆ. ಆದರೆ ಪಟೇಲರೇ ನಕ್ಕು, "ಅಲ್ಲ ಮಾರಾಯ, ಅಣ್ಣನ ಹೆಣ ಹೋಗಿ ವಾರ ಆಗಿರ್ಲಿಲ್ಲ, ಒಂದೇ ಒಲೆ ಅಂತ ಊರೆದುರು ಹೇಳಿದೆ. ಈಗ ಇಲ್ಲ ಅಂದ್ರೆ ನಿನ್ನ ಮುಖಕ್ಕೆ ಬೆಲೆ ಉಂಟಾ?" ಅಂದರು. ನನಗೂ ಹಾಗೇ ಅನ್ನಿಸಿತು. ಹೇಳಿದ ಮಾತನ್ನು ನುಂಗಲು ನನ್ನಿಂದ ಆಗುವುದಿಲ್ಲ ಅತ್ತಿಗೆ.

ಸರ್ವಮಂಗಳಾ ತಾನು ಬಾಯಿ ತೆರೆಯುವುದಿಲ್ಲ ಎಂದು ಹೇಳಿದ್ದಾಳೆ. ಅವಳು ಬಾಯಿ ತೆರೆಯದಿರುವುದು ನನಗೂ ಹೊಸದು, ನೋಡೋಣ. ಅಸ್ತಿಭಾರ ತೆಗೆಸಿದ್ದೇನೆ. ನೀವು ಬನ್ನಿ, ಬಂದ ಮೇಲೆ ಎಲ್ಲ ಸರಿಹೋಗುತ್ತದೆ.

ವೃಷಭೇಂದ್ರ


ಕೊಪ್ಪ
೩ ಜನವರಿ ೧೯೩೯

ಚಿ. ವೃಷಭೇಂದ್ರನಿಗೆ ಆಶೀರ್ವಾದ.

ಬಂದ ಮೇಲೆ ಸರಿಹೋಗುತ್ತದೆ ಎಂದು ಗಂಡಸರು ಹೇಳುವುದು ಸುಲಭ, ಅಡಿಗೆಮನೆಗೆ ಅವರು ಬರುವುದು ಊಟದ ಹೊತ್ತಿಗೆ. ಬಾಯಿ ತೆರೆಯುವುದಿಲ್ಲ ಎಂದಿದ್ದಾಳಲ್ಲ, ಒಂದು ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಎದುರಾಗುವ ಹೆಂಗಸಿನ ಜೊತೆ ಬದುಕುವುದು ಬೈಗುಳಕ್ಕಿಂತ ಕಷ್ಟ.

ನಿನಗೆ ಇದು ಅರ್ಥವಾಗಲಿ ಎಂದು ಬಿಡಿಸಿ ಬರೆಯುತ್ತೇನೆ. ಗಂಡನಿಲ್ಲದವಳು ಇನ್ನೊಬ್ಬರ ಒಲೆಯ ಮುಂದೆ ಕೂತರೆ, ಅವಳು ಎಷ್ಟು ದುಡಿದರೂ ಅನ್ನ ಹಾಕಿದವರು ಬೇರೆಯವರು. ನನ್ನ ಮಟ್ಟಿಗೆ ಸಹಿಸಿಕೊಂಡೇನು. ಗಿರಿಜೆ ಹಾಗೆ ಬೆಳೆಯಬಾರದು. ಅವರು ಇದ್ದಾಗ ನಾವು ಬಡವರಾಗಿದ್ದರೂ ನಮ್ಮ ಮನೆಗೆ ಬಂದವರಿಗೆ ನಾವೇ ಬಡಿಸುತ್ತಿದ್ದೆವು.

ನಿನ್ನ ಮುಖದ ಬೆಲೆಯ ವಿಚಾರ ಬರೆದಿದ್ದೀಯ. ಭಾಗವಾಗಿದ್ದದ್ದು ನಿಜ. ನಿಜ ಹೇಳಿದರೆ ಕಡಿಮೆಯಾಗುವ ಬೆಲೆಯನ್ನು ಇಟ್ಟುಕೊಂಡು ಏನು ಮಾಡುತ್ತೀಯ? ಅಮಲ್ದಾರರಿಗೆ ನೀನೇ ಬರೆದುಕೊಡು. ನೀನು ಬರೆದರೆ ಒಂದು ದಿನದ ಕೆಲಸ. ನಾನು ಹೋದರೆ ಕಚೇರಿಯ ಮೆಟ್ಟಿಲಲ್ಲಿ ಕೂರಬೇಕು. ಉತ್ತರಕ್ಕೆ ಕಾಯುತ್ತೇನೆ.

ಶಂಕರಮ್ಮ


ಕೊಪ್ಪ
೭ ಫೆಬ್ರವರಿ ೧೯೩೯

ವೃಷಭೇಂದ್ರನಿಗೆ,

ಒಂದು ತಿಂಗಳು ಕಾದೆ. ಟಪಾಲಿನವನು ಅಂಗಡಿ ದಾಟಿ ಹೋಗುವುದನ್ನು ನೋಡಿ ನೋಡಿ ಸಾಕಾಯಿತು. ನಿನ್ನೆ ನಾನೇ ಅಮಲ್ದಾರರ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಅಣ್ಣ ಬಾಗಿಲ ತನಕ ಬಂದು ಹೊರಗೆ ನಿಂತ.

ನೀನು ಸುಳ್ಳು ಹೇಳಿದೆ ಎಂದು ನಾನು ಹೇಳಲಿಲ್ಲ. ಸಾವಿನ ಮನೆಯಾದ್ದರಿಂದ ಒಲೆ ಹಚ್ಚಿರಲಿಲ್ಲ, ಎಣಿಸುವಾಗ ತಪ್ಪಿತು ಎಂದೆ. ಅಮಲ್ದಾರರು ಸಾವಧಾನದಿಂದ ಕೇಳಿದರು. ಬೇರೆ ಒಲೆ ಇತ್ತೆಂಬುದಕ್ಕೆ ಏನು ಗುರುತು ಎಂದರು. ಮನೆಗೆ ಬೀಗ ಹಾಕಿ ಬಂದಿದ್ದೇನೆ, ಒಲೆ ಇದ್ದ ಹಾಗೇ ಇದೆ, ಬೇಕಾದರೆ ಬಂದು ನೋಡಲಿ ಎಂದೆ. ಓವರ್‌ಸಿಯರನ್ನು ಕಳಿಸುತ್ತಾರಂತೆ. ಅಲ್ಲಿ ಬಳಸಿದ ಒಲೆ ಕಂಡರೆ ನನಗೆ ಬೇರೆ ನಿವೇಶನ ಕೊಡಲು ಅಡ್ಡಿಯಿಲ್ಲವಂತೆ.

ಬೀಗದಕೈ ನಿನ್ನ ಹತ್ತಿರವಿದೆ. ಅವರು ಬಂದಾಗ ಬಾಗಿಲು ತೆಗೆದು ತೋರಿಸು. ನೀನು ಏನನ್ನೂ ಹೇಳಬೇಕಾಗಿಲ್ಲ, ಒಲೆಯೇ ಹೇಳುತ್ತದೆ. ಅಲ್ಲಿಯ ತನಕ ಒಳಗೆ ಏನನ್ನೂ ಮುಟ್ಟಬೇಡ.

ಶಂಕರಮ್ಮ


ಬಸರಿಕೊಡಿಗೆ
೮ ಫೆಬ್ರವರಿ ೧೯೩೯

ಅತ್ತಿಗೆಯವರಿಗೆ ಶರಣು.

ಉತ್ತರ ತಡವಾಯಿತು, ಬೈಯಬೇಡಿ. ಚಳಿಜ್ವರ ನನ್ನನ್ನು ಹಾಸಿಗೆಗೆ ಕೆಡವಿತ್ತು. ಈಗ ಎದ್ದಿದ್ದೇನೆ. ನೀವು ಬರೆದದ್ದನ್ನು ಮಲಗಿಕೊಂಡು ಎಷ್ಟೋ ಸಲ ಯೋಚಿಸಿದೆ. ನಿಮ್ಮ ಮಾತಿನಲ್ಲಿ ನನಗೆ ತಿಳಿದದ್ದು ಇಷ್ಟು: ನಮ್ಮ ಮನೆಯಲ್ಲಿ ನಿಮ್ಮದು ಎನ್ನುವುದು ಏನೂ ಇರುವುದಿಲ್ಲ ಎಂಬ ಭಯ ನಿಮಗೆ. ಅದನ್ನು ಬಾಯಿಮಾತಿನಲ್ಲಿ ಹೋಗಲಾಡಿಸಲು ಆಗದು. ಅದಕ್ಕೇ ಒಂದು ಕೆಲಸ ಮಾಡಿದ್ದೇನೆ.

ಮನೆ ಬದಲಾಯಿಸುವಾಗ ಹಳೇ ಒಲೆ ಒಡೆದು ಅದರ ಮಣ್ಣನ್ನು ಹೊಸ ಒಲೆಗೆ ಕಲಸುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದಲ್ಲವೇ. ಮೊನ್ನೆ ಸೋಮವಾರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನಿಮ್ಮ ಒಲೆಯನ್ನು ನನ್ನ ಕೈಯಾರೆ ಬಿಡಿಸಿದೆ. ನೀವೇ ಮೆತ್ತಿದ ಮಣ್ಣು, ಒಂದು ಹೆಂಟೆಯೂ ಬಿಡದೆ ಬುಟ್ಟಿಗೆ ತುಂಬಿ ನೆಲ ಸಾರಿಸಿದ್ದೇನೆ. ಹೊಸ ಮನೆಯ ಒಲೆಗೆ ಮೊದಲು ನಿಮ್ಮ ಮಣ್ಣು, ಆಮೇಲೆ ಸರ್ವಮಂಗಳಾಳ ಒಲೆಯದು. ಅಡಿಗೆಮನೆಗೆ ಹಿರಿಯರು ನೀವೇ ಎಂದು ಅವಳ ಎದುರೇ ಹೇಳಿದ್ದೇನೆ. ಅವಳೂ ತಲೆ ಆಡಿಸಿದಳು.

ಗೋಡೆ ಮೊಣಕಾಲಿನ ತನಕ ಎದ್ದಿದೆ. ಈಗಲಾದರೂ ಬರುತ್ತೀರಲ್ಲ?

ವೃಷಭೇಂದ್ರ


ಕೊಪ್ಪ
೧೪ ಫೆಬ್ರವರಿ ೧೯೩೯

ಬಸರಿಕೊಡಿಗೆ ಪಂಚಾಯಿತಿ ಮೆಂಬರ್ ವೃಷಭೇಂದ್ರಪ್ಪನವರಿಗೆ,

ನಿಮ್ಮ ಕಾಗದ ಬಂತು. ನಾನು ಕಚೇರಿಗೆ ಹೋದ ದಿನವೇ ಒಲೆ ಒಡೆದಿದ್ದೀರಿ. ಕೊಪ್ಪದಿಂದ ಸುದ್ದಿ ನಿಮ್ಮ ಪಟೇಲರಿಗೆ ಇಷ್ಟು ಬೇಗ ಮುಟ್ಟುತ್ತದೆಂದು ನನಗೆ ತಿಳಿದಿರಲಿಲ್ಲ.

ವಿಭೂತಿ ಹಚ್ಚಿಕೊಂಡು ಮಾಡಿದಿರಂತೆ. ನೆಲವನ್ನೂ ಸಾರಿಸಿದ್ದೀರಿ. ಓವರ್‌ಸಿಯರಿಗೆ ಬೂದಿಯ ಒಂದು ಚೂರೂ ಕಾಣಬಾರದಲ್ಲ. ಜ್ವರ ಬಂದಿತ್ತೆಂದೂ ಬರೆದಿದ್ದೀರಿ. ಒಂದು ತಿಂಗಳು ಕಾಗದ ಬರೆಯಲಾಗದ ಕೈಗೆ ಒಲೆ ಒಡೆಯುವ ಶಕ್ತಿ ಇತ್ತು.

ಇವತ್ತು ಬೆಳಗ್ಗೆ ಮತ್ತೆ ಅಮಲ್ದಾರರ ಬಳಿ ಹೋಗಿ, ಗುರುತು ಸಿಗಬಾರದೆಂದು ನನ್ನ ಮೈದುನ ಒಲೆ ಕಿತ್ತಿದ್ದಾನೆ ಎಂದು ಹೇಳಿಕೆ ಕೊಟ್ಟು ರುಜು ಮಾಡಿದೆ. ನಿಮ್ಮ ಅಣ್ಣ ಬದುಕಿದ್ದರೆ ನಾನು ಇದನ್ನು ಮಾಡಬೇಕಾಗಿರಲಿಲ್ಲ, ನೀವು ಅದನ್ನು ಮಾಡುತ್ತಲೂ ಇರಲಿಲ್ಲ.

ಶಂಕರಮ್ಮ


ಬಸರಿಕೊಡಿಗೆ
೧೬ ಫೆಬ್ರವರಿ ೧೯೩೯

ಅತ್ತಿಗೆಯವರಿಗೆ ಶರಣು.

ನೀವು ಏಳನೇ ತಾರೀಖು ಬರೆದ ಕಾಗದವೂ ಓವರ್‌ಸಿಯರೂ ನಿನ್ನೆ ಒಂದೇ ದಿನ ಬಂದರು. ಕಾಗದ ಓದಿ ಮುಗಿಸುವಾಗ ಆತ ಬಾಗಿಲಲ್ಲಿ ನಿಂತಿದ್ದ. ನಾನು ಏನು ಮಾಡಿಬಿಟ್ಟೆನೆಂದು ಆಗ ತಿಳಿಯಿತು.

ಬಾಗಿಲು ತೆಗೆದೆ. ಸಾರಿಸಿದ ನೆಲ ಬಿಟ್ಟರೆ ಒಳಗೆ ಏನಿದೆ. ಇಲ್ಲಿ ಒಲೆ ಇತ್ತೇ ಎಂದು ಆತ ಕೇಳಿದ. ಹೂವಪ್ಪನವರು ನನ್ನ ಹಿಂದೆಯೇ ಇದ್ದರು, ಕೇರಿಯ ಅರ್ಧ ಜನ ಅಂಗಳದಲ್ಲಿದ್ದರು. ಇತ್ತು ಅಂದೆ. ಐದು ವರ್ಷದಿಂದ ನಾವು ಬೇರೆ, ಅವತ್ತು ಒಂದೇ ಒಲೆ ಎಂದದ್ದು ಸರಿಯಲ್ಲ, ಅಣ್ಣನನ್ನು ಕಳಿಸಿದ ವಾರದಲ್ಲಿ ಬೇರೆ ಎನ್ನಲು ನಾಲಿಗೆ ಏಳಲಿಲ್ಲ ಎಂದೂ ಹೇಳಿದೆ. ಮಣ್ಣಿನ ಬುಟ್ಟಿ ತಂದು ತೋರಿಸಿದೆ. ಆತ ಬರೆದುಕೊಂಡ. ಹೂವಪ್ಪನವರು ನನ್ನ ಮುಖ ನೋಡದೆ ಹೋದರು.

ನಾಚಿಕೆಯಾಯಿತು ಅತ್ತಿಗೆ, ಸುಳ್ಳು ಹೇಳುವುದಿಲ್ಲ. ಆದರೆ ಆಮೇಲೆ ಮನಸ್ಸು ಹಗುರವಾಯಿತು. ನೀವು ಹೇಳಿದಾಗಲೇ ಮಾಡಬೇಕಾಗಿತ್ತು. ಇನ್ನು ನಿಮಗೆ ನಿಮ್ಮದೇ ನಿವೇಶನ ಸಿಗುತ್ತದೆ, ಪಕ್ಕದಲ್ಲೇ ಸಿಗಲೆಂದು ಕೇಳಿಕೊಳ್ಳುತ್ತೇನೆ. ಒಂದು ಸುದ್ದಿ ಮುಚ್ಚಿಟ್ಟಿದ್ದೆ. ಸರ್ವಮಂಗಳಾಗೆ ಈಗ ಐದು ತಿಂಗಳು. ಮೊದಲಿನೆರಡು ನಿಲ್ಲದೆ ಹೋದವಲ್ಲ, ದೃಷ್ಟಿಯಾದೀತೆಂದು ಯಾರಿಗೂ ಹೇಳಬಾರದೆಂದಿದ್ದಳು. ಈ ಕೂಸು ಮೇಲಿನ ಗಾಳಿಯಲ್ಲಿ ಹುಟ್ಟಲೆಂದೇ ನನಗೆ ಮನೆಯ ಅವಸರವಿದ್ದದ್ದು.

ವೃಷಭೇಂದ್ರ


ಕೊಪ್ಪ
೬ ಮಾರ್ಚ್ ೧೯೩೯

ವೃಷಭೇಂದ್ರನಿಗೆ,

ಏನೆಂದು ಬರೆಯಲಿ. ನಿನ್ನ ಕಾಗದ ಓದಿ ಅದನ್ನೇ ಹಿಡಿದುಕೊಂಡು ಕಚೇರಿಗೆ ಓಡಿದೆ. ನಾನು ಹೇಳಿದ್ದು ತಪ್ಪು, ಹೇಳಿಕೆ ವಾಪಸು ಕೊಡಿ ಎಂದೆ. ಅಮಲ್ದಾರರು ಸರ್ಕೀಟಿಗೆ ಹೋಗಿದ್ದರು. ಗುಮಾಸ್ತೆ, ರುಜು ಮಾಡಿದ ಮೇಲೆ ಮುಗಿಯಿತಮ್ಮ ಎಂದ. ಅವರು ಬಂದ ಮೇಲೂ ಹೋಗಿ ನಿನ್ನ ಕಾಗದ ತೋರಿಸಿದೆ. ಮೊದಲು ಒಂದು ಹೇಳಿದ, ಆಮೇಲೆ ಇನ್ನೊಂದು ಹೇಳಿದ, ನಡುವೆ ಒಲೆ ಕಿತ್ತ, ಇದಕ್ಕೆ ನಾನೇನು ಅರ್ಥ ಮಾಡಲಮ್ಮ ಎಂದರು.

ಆರ್ಡರ್ ಆಗಿದೆ. ನಿನಗೂ ಬಂದಿರುತ್ತದೆ. ಸರ್ಕಾರಕ್ಕೆ ಸುಳ್ಳು ಹೇಳಿ ಗುರುತು ಅಳಿಸಿದ್ದಕ್ಕೆ ನಿನ್ನ ಹೆಸರು ತೆಗೆದಿದ್ದಾರೆ. ಬೇರೆ ನಿವೇಶನ ಈಗ ಒಂದೂ ಉಳಿದಿಲ್ಲವಾದ್ದರಿಂದ ನಿನ್ನದನ್ನೇ ನನ್ನ ಹೆಸರಿಗೆ ಮಾಡಿದ್ದಾರೆ. ನೀನು ಗೋಡೆ ಎಬ್ಬಿಸಿದ ಜಾಗವನ್ನೇ. ನಾನು ಇಪ್ಪತ್ತು ಅಡಿ ಕೇಳಿದೆ, ಅರವತ್ತೂ ನನ್ನ ಪಾಲಿಗೆ ಬಂತು.

ನಾನು ನಿನ್ನನ್ನು ಕಳ್ಳನೆಂದು ತಿಳಿದೆ. ಯಾಕೆಂದು ಈಗಲಾದರೂ ಹೇಳಬೇಕು. ಇಲ್ಲಿ ಎಲ್ಲ ಸುಖವೆಂದು ಬರೆದದ್ದು ಸುಳ್ಳು. ಗಿರಿಜೆ ಎರಡನೇ ಸಲ ಅನ್ನ ಕೇಳುವ ಮುಂಚೆ ಪ್ರೇಮಕ್ಕನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, ಸಾಕು ಎಂದು ಎದ್ದುಬಿಡುತ್ತಾಳೆ. ದಿನಾ ಅದನ್ನು ನೋಡಿದವಳಿಗೆ ಯಾರ ಒಳ್ಳೆಯತನವೂ ಒಳ್ಳೆಯತನವಾಗಿ ಕಾಣುವುದಿಲ್ಲ. ಇದನ್ನು ನಿನಗೆ ಮೊದಲೇ ಬರೆದಿದ್ದರೆ ನೀನು ಮೊದಲೇ ಕಚೇರಿಗೆ ಹೋಗುತ್ತಿದ್ದೆಯೇನೋ. ನನ್ನ ತವರಿನ ಮಾನಕ್ಕೆ ನಾನು ಸುಮ್ಮನಿದ್ದೆ, ನಿನ್ನ ಮಾನಕ್ಕೆ ನೀನು.

ಈಗ ಆ ಜಾಗದಲ್ಲಿ ಎರಡು ಒಲೆ ಹಾಕಲು ನನಗೂ ಅಧಿಕಾರವಿಲ್ಲ. ಹಾಗಾದರೆ ಒಲೆ ಸರ್ವಮಂಗಳಾಳದೇ ಇರಲಿ. ಅವಳು ಬಡಿಸಿದ್ದನ್ನು ನಾನೂ ಗಿರಿಜೆಯೂ ಉಣ್ಣುತ್ತೇವೆ, ನಾನು ಅಡಿಗೆಮನೆಗೆ ಕಾಲಿಡುವುದಿಲ್ಲ. ಬಾಣಂತನ ನಾನು ಮಾಡುತ್ತೇನೆ. ಬನ್ನಿ. ಕ್ಷಮಿಸು ಎಂದು ಮೈದುನನಿಗೆ ಬರೆಯುವ ವಾಡಿಕೆ ಇಲ್ಲ, ಆದರೂ ಬರೆದಿದ್ದೇನೆ.

ಶಂಕರಮ್ಮ


ನರಸಿಂಹರಾಜಪುರ
೨೧ ಮಾರ್ಚ್ ೧೯೩೯

ಅತ್ತಿಗೆಯವರಿಗೆ,

ನಿಮ್ಮ ಕಾಗದ ಬಂದ ಮೇಲೆ, ಕೋಪದಲ್ಲಿ ಬರೆಯಬಾರದೆಂದು ಕಾದೆ. ಕೋಪ ಹೋಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಊರು ಬಿಟ್ಟಿದ್ದೇವೆ. ಇಲ್ಲಿ ಪೇಟೆಯಲ್ಲಿ ಒಂದು ಅಕ್ಕಿ ಅಂಗಡಿಯ ಹಿಂದುಗಡೆ ಬಾಡಿಗೆಗೆ ಎರಡು ಕೋಣೆ ಸಿಕ್ಕಿತು. ಎರಡು ಪಕ್ಕದಲ್ಲೂ ಗೋಡೆಗೆ ಗೋಡೆ ಅಂಟಿದ ಮನೆಯೇ. ಪಂಚಾಯಿತಿಗೆ ರಾಜೀನಾಮೆ ಕೊಟ್ಟೆ, ಕೊಡಬೇಡ ಎನ್ನುವವರು ಯಾರೂ ಇರಲಿಲ್ಲ. ನಿವೇಶನಕ್ಕೆ ಮುಂದಿನ ಪಟ್ಟಿಯಲ್ಲಿ ನೋಡೋಣ ಎಂದು ಕಚೇರಿಯವರು ಹೇಳಿದರು. ಅದು ಯಾವಾಗ ಎಂದು ನಾನು ಕೇಳಲಿಲ್ಲ.

ನೀವು ಕರೆದದ್ದನ್ನು ಸರ್ವಮಂಗಳಾಗೆ ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಅಕ್ಕ ಒಲೆ ಬಿಟ್ಟುಕೊಡ್ತೀನಿ ಅಂತಾರೆ. ಬಿಟ್ಟುಕೊಟ್ಟಿದ್ದು ದಿನಾ ನೆನಪಾಗ್ತದೆ, ಅವರಿಗೂ, ನನಗೂ. ನಂಟರಾಗಿ ಯಾವಾಗಾದ್ರೂ ಹೋಗಾಣ. ಇರಕ್ಕೆ ಬ್ಯಾಡ" ಅಂದಳು.

ಸರ್ಕಾರದವರು ನನ್ನ ಹೆಸರು ತೆಗೆದದ್ದು ನನಗೆ ದೊಡ್ಡದಲ್ಲ. ನಾನು ಹೇಳಿದ ಸುಳ್ಳಿಗೆ ಅದು ನ್ಯಾಯವೇ. ಆದರೆ ಅಣ್ಣನ ಮನೆಯ ಒಲೆಯನ್ನು ನಾನು ಎಂಥ ಮನಸ್ಸಿನಲ್ಲಿ ಮುಟ್ಟಿದ್ದೆನೆಂದು ನಿಮಗೆ ಗೊತ್ತಾಗಲಿಲ್ಲವಲ್ಲ, ಅದು ಹೋಗುತ್ತಿಲ್ಲ. ಒಂದು ತಿಂಗಳು ನಿಮಗೆ ಉತ್ತರ ಬರೆಯದೆ ಕಾಯಿಸಿದವನೂ ನಾನೇ. ಕಾಗದ ಹಿಡಿಯಲಾಗದಷ್ಟು ಜ್ವರ ಇದ್ದದ್ದು ಹತ್ತು ದಿನ. ಉಳಿದದ್ದು ಏನು ಬರೆಯಬೇಕೆಂದು ತಿಳಿಯದೆ ಮುಂದೂಡಿದ್ದು. ಇದನ್ನೆಲ್ಲ ಕೂಡಿ ಕಳೆದು ನೋಡಿದರೂ ಮನಸ್ಸು ಸಮಾಧಾನವಾಗುವುದಿಲ್ಲ.

ಗಿರಿಜೆಯ ವಿಷಯ ಓದಿದ ಮೇಲೆ ಆ ದಿನ ನನಗೆ ಊಟ ಸೇರಲಿಲ್ಲ. ಅವಳನ್ನು ಅಲ್ಲಿ ಇನ್ನು ಹೆಚ್ಚು ದಿನ ಇಡಬೇಡಿ. ವರ್ಷದೊಳಗೆ ಮನೆ ಏಳದಿದ್ದರೆ ನಿವೇಶನ ವಾಪಸು ಹೋಗುತ್ತದೆ. ಗೋಡೆಯನ್ನು ಈಗಿರುವಷ್ಟಕ್ಕೇ ಬಿಟ್ಟರೆ ಮೊದಲ ಮಳೆಗೇ ಕರಗುತ್ತದೆ. ಹೆಂಗಸರು ಕೂಲಿಯವರ ಹಿಂದೆ ಅಲೆಯುವುದು ಬೇಡ. ಸೋಮವಾರದಿಂದ ನಾನೇ ಬಂದು ಕೆಲಸಕ್ಕೆ ನಿಲ್ಲುತ್ತೇನೆ. ಬೆಳಗ್ಗೆ ಇಲ್ಲಿಂದ ಹೊರಟು ಸಂಜೆ ವಾಪಸು. ಮಾಡಿಗೆ ಹೆಂಚು ಹೊದಿಸುವ ತನಕ ಒಂದು ದಿನವೂ ತಪ್ಪಿಸುವುದಿಲ್ಲ.

ಅಡಿಗೆಮನೆ ಎಷ್ಟು ದೊಡ್ಡದು ಬೇಕು, ಕಿಟಕಿ ಯಾವ ಕಡೆಗೆ ಇಡಬೇಕು ಎಂದು ಬರೆದು ತಿಳಿಸಿ, ಹಾಗೆಯೇ ಮಾಡಿಸುತ್ತೇನೆ. ನೀವೇ ಬಂದು ನಿಂತು ಹೇಳಿದರೂ ಸರಿ. ಊಟಕ್ಕೆ ಮಾತ್ರ ಕರೆಯಬೇಡಿ. ಬುತ್ತಿ ಕಟ್ಟಿಸಿಕೊಂಡು ಬರುತ್ತೇನೆ.

ವೃಷಭೇಂದ್ರಪ್ಪ